ನಾಣ್ಯ ಸಿಕ್ತು, ಜಾಗ ಕಳೆದುಹೋಯ್ತು

ರಾತ್ರಿ ಹನ್ನೊಂದೂವರೆಗೆ ಹಾಸ್ಟೆಲ್‌ನಲ್ಲಿ ಮಲಗಿಕೊಂಡು ಫೋನ್ ಉಜ್ಜುವವರಿಗೆಲ್ಲ ಈ ವಿಡಿಯೋಗಳು ಗೊತ್ತಿರುತ್ತವೆ. ಇಂಗ್ಲೆಂಡಿನ ಯಾವುದೋ ಹಸಿರು ಹೊಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಅಂಕಲ್ ಕೋಲಿನ ತುದಿಗೆ ತಟ್ಟೆ ಕಟ್ಟಿದಂಥ ಒಂದು ಮೆಷಿನ್ ಹಿಡಿದು ಕಸ ಗುಡಿಸೋ ಥರ ಎಡಕ್ಕೆ ಬಲಕ್ಕೆ ಆಡಿಸ್ತಾ ನಡೀತಾನೆ. ಬೀಪ್ ಅಂತ ಶಬ್ದ. ಮಂಡಿ ಊರಿ ಕೂತು ಮಣ್ಣು ಬಗೆದರೆ ಒಂದು ನಾಣ್ಯ. ಅದರ ಮೇಲೆ ಯಾವುದೋ ರಾಜನ ಮುಖ. ಎರಡು ಸಾವಿರ ವರ್ಷದಿಂದ ಅದನ್ನ ಯಾರೂ ಮುಟ್ಟಿರಲಿಲ್ಲ ಅಂತ ಅಂಕಲ್ ಕಣ್ಣಲ್ಲಿ ನೀರು.

ನಾನು ಇಂಥ ವಿಡಿಯೋಗಳನ್ನ ಒಂದು ಸೆಮಿಸ್ಟರ್ ಪೂರ್ತಿ ನೋಡಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಈ ಲೇಖನ ಇರ್ತಿರಲಿಲ್ಲ. ಮೂರನೇ ಸೆಮ್‌ನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಏನು ಮಾಡೋದು ಅಂತ ಕೇಳಿದಾಗ ನಾನೂ ನನ್ನ ಪಾರ್ಟ್‌ನರ್ರೂ "ಮೆಟಲ್ ಡಿಟೆಕ್ಟರ್" ಅಂದ್ವಿ. ಗೈಡ್ ಸಂತೋಷವಾಗಿ ಒಪ್ಪಿಕೊಂಡರು, ಯಾಕಂದ್ರೆ ಆ ವರ್ಷ ಅದಾಗಲೇ ನಾಲ್ಕು ಟೀಮ್ "ಸ್ಮಾರ್ಟ್ ಡಸ್ಟ್‌ಬಿನ್" ತಗೊಂಡಿದ್ದವು.

ಇದರ ಕೆಲಸ ನಿಮಗೆ ಒಂದು ಪ್ಯಾರಾದಲ್ಲಿ ಹೇಳಬಹುದು. ನಮ್ಮದು ಪಲ್ಸ್ ಇಂಡಕ್ಷನ್ ಮಾದರಿ. ಸುರುಳಿ ಸುತ್ತಿದ ತಂತಿಗೆ ಒಂದು ಚಿಕ್ಕ ಪಲ್ಸ್ ಕೊಟ್ಟು ಥಟ್ಟನೆ ಆಫ್ ಮಾಡ್ತೀವಿ. ಆಗ ಕಾಂತಕ್ಷೇತ್ರ ಕುಸಿಯುತ್ತೆ. ಹತ್ತಿರದಲ್ಲಿ ಲೋಹ ಇದ್ದರೆ ಅದರೊಳಗೆ ಎಡ್ಡಿ ಕರೆಂಟ್ ಹುಟ್ಟಿ, ಆ ಕುಸಿತ ಮೈಕ್ರೋಸೆಕೆಂಡ್‌ಗಳ ಲೆಕ್ಕದಲ್ಲಿ ತಡ ಆಗುತ್ತೆ. ಆ ತಡವನ್ನ ಅಳೆದರೆ ಆಯ್ತು. ಅಂಗಡಿಯಲ್ಲಿ ಸಿಗೋ ದುಬಾರಿ ಡಿಟೆಕ್ಟರ್‌ಗಳು ಹೆಚ್ಚಾಗಿ ಬೇರೆ ಮಾದರಿಯವು. ಅವು ನಿರಂತರ ಸಿಗ್ನಲ್ ಕಳಿಸಿ, ವಾಪಸ್ ಬಂದಿದ್ದರ ಫೇಸ್ ನೋಡಿ, ಇದು ಕಬ್ಬಿಣ, ಇದು ತಾಮ್ರ ಅಂತ ಊಹೆ ಮಾಡ್ತವೆ. ನಮ್ಮದಕ್ಕೆ ಆ ಬುದ್ಧಿ ಇರಲಿಲ್ಲ. ಮೊಳೆಗೂ ಬೀಪ್, ಬಂಗಾರಕ್ಕೂ ಬೀಪ್.

ಈ ಐಡಿಯಾ ಎಷ್ಟು ಹಳೇದು ಅಂದ್ರೆ, 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ದೇಹದೊಳಗಿನ ಗುಂಡು ಹುಡುಕೋಕೆ ಟೆಲಿಫೋನಿನ ಗ್ರಹಾಂ ಬೆಲ್ ಇಂಥದ್ದೇ ಒಂದು ಯಂತ್ರ ತಗೊಂಡು ಹೋಗಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯಲ್ಲಿದ್ದ ಲೋಹದ ಸ್ಪ್ರಿಂಗ್‌ಗಳು ಸಿಗ್ನಲ್ ಕೆಡಿಸಿದವು ಅಂತ ಹೇಳ್ತಾರೆ. ನಮ್ಮ ವೈವಾದಲ್ಲೂ ಅದೇ ಆಯ್ತು. ಲ್ಯಾಬ್ ಟೇಬಲ್ ಕಬ್ಬಿಣದ್ದು. ಬೀಪ್ ನಿಲ್ಲಲೇ ಇಲ್ಲ.

ಸಂಕ್ರಾಂತಿ ರಜೆಗೆ ಆ ಪಿವಿಸಿ ಪೈಪಿನ ಡಿಟೆಕ್ಟರ್ ತಗೊಂಡು ನಾಗಮಂಗಲದ ಕಡೆ ಇರೋ ನಮ್ಮ ತಾತನ ಊರಿಗೆ ಹೋದೆ. ರಾಗಿ ಕುಯ್ಲು ಮುಗಿದು ಹೊಲ ಖಾಲಿ ಇತ್ತು. ಮೊದಲ ದಿನ ಸಿಕ್ಕಿದ್ದು: ಎತ್ತಿನ ಲಾಳ ಎರಡು, ಸೋಡಾ ಮುಚ್ಚಳ ಹನ್ನೊಂದು, ಗುಟ್ಕಾ ಪ್ಯಾಕೆಟ್ ಲೆಕ್ಕ ಇಲ್ಲದಷ್ಟು, ನೇಗಿಲಿನ ಒಂದು ಮುರಿದ ತುಂಡು. ಎರಡನೇ ದಿನ ಸಂಜೆ, ಹೊಲದ ಮೇಲ್ಭಾಗದಲ್ಲಿ ಎಲ್ಲೋ, ಒಂದು ಗೇಣಿಗಿಂತ ಕಮ್ಮಿ ಆಳದಲ್ಲಿ ಒಂದು ಹಸಿರುಗಟ್ಟಿದ ಬಿಲ್ಲೆ ಸಿಕ್ತು. ಅದರ ಜೊತೆ ನಾಲ್ಕೈದು ಮಡಕೆ ಚೂರು ಬಂದವು. ಚೂರುಗಳನ್ನ ಬದುವಿನ ಆಚೆ ಎಸೆದೆ. ಬಿಲ್ಲೆಯನ್ನ ಜೇಬಿಗೆ ಹಾಕಿಕೊಂಡೆ. ಗುಂಡಿ ಮುಚ್ಚಿದೆ.

ಮೇಲಿನ ಕೊನೆಯ ಮೂರು ವಾಕ್ಯಗಳಲ್ಲಿ ನಾನು ಮಾಡಿದ ತಪ್ಪು ಪೂರ್ತಿ ಇದೆ. ಆದರೆ ಅವತ್ತು ನನಗೆ ಅದು ತಪ್ಪು ಅಂತ ಗೊತ್ತಾಗಲಿಲ್ಲ. ಮನೆಗೆ ಬಂದು ಹುಣಸೆಹಣ್ಣು, ಉಪ್ಪು ಹಾಕಿ ಅಜ್ಜಿ ತಂಬಿಗೆ ಉಜ್ಜೋ ಹಾಗೆ ಉಜ್ಜಿದೆ. ಹಸಿರೆಲ್ಲ ಹೋಗಿ ತಾಮ್ರ ಫಳಫಳ ಅಂತು. ಒಂದು ಕಡೆ ಆನೆ. ಇನ್ನೊಂದು ಕಡೆ ಅಕ್ಷರಗಳು.

ಮಾರನೇ ದಿನ ಬೆಳಿಗ್ಗೆ ಊರಿನ ಇಬ್ಬರು ಮನೆ ಹತ್ತಿರ ಬಂದು ತಾತನ್ನ ಕೇಳಿದರು: "ಏನ್ ಯಜಮಾನ್ರೇ, ಮೊಮ್ಮಗ ನಿಧಿ ಹುಡುಕ್ತಾವ್ನಂತೆ?" ನಗ್ತಾನೇ ಕೇಳಿದ್ದು. ಆದರೆ ತಾತ ನಗಲಿಲ್ಲ. ಅವರು ಹೋದ ಮೇಲೆ ಡಿಟೆಕ್ಟರ್ ಅನ್ನು ಅಟ್ಟದ ಮೇಲೆ ಇಡಿಸಿದರು. "ನಿಧಿ ಅನ್ನೋ ಮಾತು ಒಂದು ಸಲ ಊರಲ್ಲಿ ಎದ್ರೆ ನಮ್ಮ ಹೊಲದಲ್ಲಿ ರಾತ್ರಿ ಹೊತ್ತು ಗುಂಡಿ ಬೀಳ್ತವೆ ಕಣೋ" ಅಂದರು.

ತಾತನ ಭಯ ಸುಳ್ಳಲ್ಲ. ಪೇಪರ್ ಓದುವವರಿಗೆ ನಿಧಿಗಳ್ಳರು ಅನ್ನೋ ಪದ ಹೊಸದಲ್ಲ. ಪಾಳು ದೇವಸ್ಥಾನದ ಗರ್ಭಗುಡಿ ಅಗೆಯೋದು, ಬಸವನ ಹೊಟ್ಟೆಯಲ್ಲಿ ಚಿನ್ನ ಇದೆ ಅಂತ ವಿಗ್ರಹ ಒಡೆಯೋದು, ವೀರಗಲ್ಲು ಕಿತ್ತು ಬೀಳಿಸೋದು. ಚಿನ್ನ ಸಿಗಲ್ಲ, ಏಳೆಂಟು ನೂರು ವರ್ಷ ನಿಂತಿದ್ದ ಕಲ್ಲು ಮಾತ್ರ ಹೋಗುತ್ತೆ. ಇಂಗ್ಲೆಂಡಿನಲ್ಲಿ ಡಿಟೆಕ್ಟರ್ ಹಿಡಿದವನು ಹವ್ಯಾಸದ ಅಂಕಲ್. ನಮ್ಮಲ್ಲಿ ಡಿಟೆಕ್ಟರ್ ಹಿಡಿದವನು ನಿಧಿಗಳ್ಳ. ಈ ವ್ಯತ್ಯಾಸ ಆ ವಿಡಿಯೋಗಳಲ್ಲಿ ಯಾರೂ ಹೇಳಿರಲಿಲ್ಲ.

ರಜೆ ಮುಗಿಸಿ ಬಂದ ಮೇಲೆ ನಾಣ್ಯ ಸಂಗ್ರಹ ಮಾಡೋ ಒಬ್ಬ ನಿವೃತ್ತ ಮೇಷ್ಟ್ರಿಗೆ ಅದನ್ನ ತೋರಿಸಿದೆ. ನೋಡಿದ ತಕ್ಷಣ "ಯಾಕಪ್ಪ ತೊಳೆದೆ?" ಅಂದರು. ಹಳೇ ತಾಮ್ರದ ಮೇಲಿನ ಆ ಹಸಿರು ಪದರ ಕೊಳೆ ಅಲ್ಲ, ಅದು ನಾಣ್ಯಕ್ಕೆ ರಕ್ಷಣೆ, ವಯಸ್ಸಿನ ಗುರುತು, ಅದನ್ನ ಯಾವತ್ತೂ ಉಜ್ಜಬಾರದು ಅಂತ ಅವರಿಂದ ಗೊತ್ತಾಯ್ತು. ಆಮೇಲೆ ಲೆನ್ಸ್ ಹಿಡಿದು ಓದಿದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ನಾಣ್ಯ. ಅದರ ಮೇಲೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಇದೆ, ಪಕ್ಕದಲ್ಲೇ ಇಂಗ್ಲಿಷ್ ಅಕ್ಷರದಲ್ಲಿ "ಕ್ಯಾಶ್" ಅಂತಲೂ ಇದೆ. ಕಾಸು ಅನ್ನೋ ನಮ್ಮ ಕಡೆಯ ಪದವೇ ಪೋರ್ಚುಗೀಸರ ಬಾಯಿಗೆ ಸಿಕ್ಕಿ, ತಿರುಗಿ, ಇಂಗ್ಲಿಷರು ನಾಣ್ಯಕ್ಕೆ ಕರೆದ ಆ ಕ್ಯಾಶ್ ಆಗಿದ್ದು ಅಂದರು. ಒಂದೇ ಬಿಲ್ಲೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅದು ತುಂಬ ಪರಿಚಯದ ಥರ ಕಾಣಿಸ್ತು.

ಆಮೇಲೆ ಮೇಷ್ಟ್ರು ಮೂರು ಪ್ರಶ್ನೆ ಕೇಳಿದರು. ಎಲ್ಲಿ ಸಿಕ್ತು? ಎಷ್ಟು ಆಳದಲ್ಲಿ? ಜೊತೆಗೆ ಏನಿತ್ತು?

"ತಾತನ ಹೊಲದಲ್ಲಿ" ಅಂದೆ. ಹೊಲದಲ್ಲಿ ಎಲ್ಲಿ? ಮೇಲ್ಗಡೆ. ಆಳ? ಒಂದು ಗೇಣು, ಇರಬಹುದು. ಜೊತೆಗೆ? ಮಡಕೆ ಚೂರು. ಎಲ್ಲಿವೆ? ಎಸೆದೆ.

ಅವರು ಬೈಯಲಿಲ್ಲ. "ಈ ನಾಣ್ಯ ಅಪರೂಪದ್ದೇನಲ್ಲ, ಇಂಥವು ಬೇಕಾದಷ್ಟು ಸಿಗ್ತವೆ. ಆ ಜಾಗ ಅಪರೂಪದ್ದು ಆಗಿತ್ತೋ ಏನೋ" ಅಂದು ವಾಪಸ್ ಕೊಟ್ಟರು.

ನನ್ನ ಜೇಬಿನಲ್ಲಿ ಅವತ್ತೂ ಫೋನ್ ಇತ್ತು. ಅದರಲ್ಲಿ ಜಿಪಿಎಸ್ ಇತ್ತು, ಕ್ಯಾಮೆರಾ ಇತ್ತು. ಊಟದ ಫೋಟೋಗೂ ಲೊಕೇಶನ್ ಟ್ಯಾಗ್ ಹಾಕೋ ಮನುಷ್ಯ ನಾನು. ಇನ್ನೂರು ವರ್ಷದಿಂದ ಒಂದೇ ಕಡೆ ಇದ್ದ ವಸ್ತುವನ್ನ ಅಲ್ಲಿಂದ ಎತ್ತುವಾಗ ಒಂದು ಫೋಟೋ ತೆಗೆಯಲಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಡೇಟಾ ಇಟ್ಟುಕೊಂಡು ಮೆಟಾಡೇಟಾ ಡಿಲೀಟ್ ಮಾಡಿದೆ. ಬ್ಯಾಕಪ್ ಇಲ್ಲ.

ಜಾಗಕ್ಕೆ ಯಾಕೆ ಇಷ್ಟು ಬೆಲೆ ಅಂತ ಕೇಳಿದರೆ ಎರಡು ಉದಾಹರಣೆ ಕೊಡ್ತೀನಿ.

ಒಂದು ನಮ್ಮದೇ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿ. ಅಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದಾಗ ರೋಮ್ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ತು. ಆತ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ನಾಣ್ಯ ಯಾವ ಪದರದಲ್ಲಿ ಇತ್ತು ಅಂತ ಬರೆದಿಟ್ಟಿದ್ದರಿಂದ, ಆ ಪದರದಲ್ಲಿದ್ದ ಹೆಸರಿಲ್ಲದ ಮಡಕೆ ಚೂರುಗಳಿಗೂ ಒಂದು ಕಾಲ ಸಿಕ್ತು. ಅಂದ್ರೆ ನಾಣ್ಯ ಅಲ್ಲಿ ಕೆಲಸ ಮಾಡಿದ್ದು ಟೈಮ್‌ಸ್ಟ್ಯಾಂಪ್ ಥರ. ಪದರದಿಂದ ಕಿತ್ತು ಜೇಬಿಗೆ ಹಾಕಿಕೊಂಡಿದ್ದರೆ ಅದು ಬರೀ ಬೆಳ್ಳಿ.

ಇನ್ನೊಂದು ಇಂಗ್ಲೆಂಡಿನದು. 2010ರಲ್ಲಿ ಸಾಮರ್‌ಸೆಟ್‌ನ ಫ್ರೋಮ್ ಊರಿನ ಹತ್ತಿರ ಡೇವ್ ಕ್ರಿಸ್ಪ್ ಅನ್ನೋ ಹವ್ಯಾಸಿಗೆ ಒಂದು ದೊಡ್ಡ ಮಡಕೆ ಸಿಕ್ತು. ಆತನ ಕೆಲಸ ಆಸ್ಪತ್ರೆಯಲ್ಲಿ ಅಡುಗೆ. ಮಡಕೆಯ ಬಾಯಿಯಲ್ಲಿ ರೋಮನ್ ನಾಣ್ಯ ಕಂಡ ಮೇಲೆ ಆತ ಅಗೆಯೋದನ್ನ ನಿಲ್ಲಿಸಿದ. ಎಷ್ಟು ಕಷ್ಟ ಇರಬೇಕು ಯೋಚನೆ ಮಾಡಿ. ನಿಲ್ಲಿಸಿ, ಪುರಾತತ್ವದವರನ್ನ ಕರೆದ. ಅವರು ಪದರ ಪದರವಾಗಿ ನಾಣ್ಯ ತೆಗೆದರು. ಒಟ್ಟು 52,503. ಹೊಸ ನಾಣ್ಯಗಳಲ್ಲಿ ಹೆಚ್ಚಿನವು ಮಡಕೆಯ ಕೆಳಗಿನ ಅರ್ಧದಲ್ಲಿದ್ದವು. ವರ್ಷ ವರ್ಷ ಕೂಡಿಟ್ಟ ಹುಂಡಿ ಆಗಿದ್ದರೆ ಹೊಸವು ಮೇಲೆ ಇರಬೇಕಿತ್ತು. ಹಾಗಾಗಿ ಇದನ್ನ ಒಂದೇ ಸಲ ತುಂಬಿದ್ದು, ಬಹುಶಃ ದೇವರಿಗೆ ಒಪ್ಪಿಸಿದ್ದೂ ಇರಬಹುದು ಅನ್ನೋ ಚರ್ಚೆ ಹುಟ್ಟಿತು. ಕ್ರಿಸ್ಪ್ ಅದನ್ನ ಬಕೆಟ್‌ಗೆ ಸುರಿದುಕೊಂಡು ಹೋಗಿದ್ದರೆ 52,503 ನಾಣ್ಯ ಇರ್ತಿದ್ದವು, ಈ ಕಥೆ ಇರ್ತಿರಲಿಲ್ಲ.

ಈಗ ಕಾನೂನು. ಇದನ್ನ ನಾನು ಡಿಟೆಕ್ಟರ್ ಮಾಡೋ ಮೊದಲು ಓದಬೇಕಿತ್ತು, ಆಮೇಲೆ ಓದಿದೆ. ನಮ್ಮ ದೇಶದಲ್ಲಿ 1878ರ ನಿಧಿ ಕಾಯ್ದೆ ಇದೆ. ಮಣ್ಣಿನಲ್ಲಿ ಅಡಗಿರೋ ಬೆಲೆಬಾಳುವ ಯಾವುದೇ ವಸ್ತು ನಿಧಿ. ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರ್‌ಗೆ ಬರೆದು ತಿಳಿಸಬೇಕು: ಏನು ಸಿಕ್ತು, ಯಾವತ್ತು ಸಿಕ್ತು, ಎಲ್ಲಿ ಸಿಕ್ತು. ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಕರ್ನಾಟಕಕ್ಕೆ 1962ರದ್ದೇ ಒಂದು ಪ್ರತ್ಯೇಕ ನಿಧಿ ಕಾಯ್ದೆಯೂ ಇದೆ. ಸಂರಕ್ಷಿತ ಸ್ಮಾರಕ, ಸ್ಥಳಗಳಲ್ಲಿ ಅನುಮತಿ ಇಲ್ಲದೆ ಅಗೆಯೋದು ಬೇರೆಯೇ ಅಪರಾಧ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನ ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ. "ಎಲ್ಲಿ ಸಿಕ್ತು" ಅನ್ನೋ ಪ್ರಶ್ನೆ 1878ರಲ್ಲಿ ಕಾಯ್ದೆ ಬರೆದವರಿಗೆ ಹೊಳೆದಿತ್ತು, 2000ದ ನಂತರ ಹುಟ್ಟಿದ ನನಗೆ ಹೊಳೆಯಲಿಲ್ಲ.

ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ವಿಷಯ ಇದೆ. ಸಿಕ್ಕಿದ ನಿಧಿಯನ್ನ ಸರ್ಕಾರ ತಗೊಳ್ಳಬೇಕು ಅಂದ್ರೆ ಕೊಡಬೇಕಾದ್ದು ಅದರ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ. ನಾನು ನನ್ನ ನಾಣ್ಯವನ್ನ ಲ್ಯಾಬ್‌ನಲ್ಲಿ ತೂಕ ಹಾಕಿದೆ. ಸುಮಾರು ಒಂಬತ್ತು ಗ್ರಾಂ ತಾಮ್ರ. ಗುಜರಿ ಲೆಕ್ಕದಲ್ಲಿ ಕ್ಯಾಂಟೀನಿನ ಒಂದು ಟೀಗೂ ಕಷ್ಟ. ಚಿನ್ನದ ವರಹ ಸಿಕ್ಕವನ ಕಥೆ ಯೋಚನೆ ಮಾಡಿ. ಕಚೇರಿಗೆ ಹೋದರೆ ಲೋಹದ ಬೆಲೆ, ಓಡಾಟ, ಪ್ರಶ್ನೆ, ಊರವರ ಅನುಮಾನ. ಅಕ್ಕಸಾಲಿ ಹತ್ತಿರ ಹೋದರೆ ಕೈಗೆ ದುಡ್ಡು, ಮಾತಿಲ್ಲ. ಅಲ್ಲಿ ಅದು ಕರಗಿ ಬಳೆ ಆಗುತ್ತೆ. ಇದು ಬರೀ ಜನರ ಪ್ರಾಮಾಣಿಕತೆಯ ಸಮಸ್ಯೆ ಅಲ್ಲ, ಡಿಸೈನ್ ಸಮಸ್ಯೆ. ಸರಿಯಾದ ದಾರಿ ಕಷ್ಟದ್ದು, ತಪ್ಪು ದಾರಿ ಸುಲಭದ್ದು ಮಾಡಿಟ್ಟರೆ ಯೂಸರ್ ಯಾವ ಕಡೆ ಹೋಗ್ತಾನೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಟ್ರೆಷರ್ ಕಾಯ್ದೆ ಪ್ರಕಾರವೂ ನಿಧಿಯನ್ನ ವರದಿ ಮಾಡಲೇಬೇಕು, 14 ದಿನದ ಒಳಗೆ. ಆದರೆ ಮ್ಯೂಸಿಯಂ ತಗೊಂಡರೆ ಮಾರುಕಟ್ಟೆ ಬೆಲೆ ಕೊಡುತ್ತೆ, ಅದನ್ನ ಸಾಮಾನ್ಯವಾಗಿ ಹುಡುಕಿದವನಿಗೂ ಜಮೀನಿನವನಿಗೂ ಅರ್ಧ ಅರ್ಧ ಹಂಚ್ತಾರೆ. ಫ್ರೋಮ್ ಮಡಕೆಗೆ ಮ್ಯೂಸಿಯಂ ಕೊಟ್ಟಿದ್ದು 3,20,250 ಪೌಂಡ್. ಇದರ ಜೊತೆಗೆ ನಿಧಿ ಅಲ್ಲದ ಚಿಲ್ಲರೆ ವಸ್ತುಗಳಿಗೂ ಒಂದು ಯೋಜನೆ ಇದೆ. ಒಂದು ಒಂಟಿ ನಾಣ್ಯ, ಒಂದು ಗುಂಡಿ, ಒಂದು ಉಂಗುರ, ಏನೇ ಸಿಗಲಿ, ಆಯಾ ಪ್ರದೇಶದ ಅಧಿಕಾರಿಗೆ ಸ್ವಇಚ್ಛೆಯಿಂದ ತೋರಿಸಬಹುದು. ಅವರು ಫೋಟೋ, ಜಾಗ ದಾಖಲಿಸಿ ವಸ್ತುವನ್ನ ವಾಪಸ್ ಕೊಡ್ತಾರೆ. ಹೀಗೆ 15 ಲಕ್ಷಕ್ಕೂ ಹೆಚ್ಚು ವಸ್ತುಗಳು ಒಂದು ಡೇಟಾಬೇಸ್ ಸೇರಿವೆ.

ಹಾಗಾದರೆ ನಮ್ಮಲ್ಲೂ ಡಿಟೆಕ್ಟರ್ ಹವ್ಯಾಸಕ್ಕೆ ಬಾಗಿಲು ತೆಗೀಬೇಕಾ? ನಾಲ್ಕು ತಿಂಗಳ ಹಿಂದೆ ಕೇಳಿದ್ದರೆ ಹೌದು ಅಂತಿದ್ದೆ. ಈಗ ಇಲ್ಲ ಅಂತೀನಿ. ಅಲ್ಲಿಯೂ ಎಲ್ಲ ಸರಿ ಇಲ್ಲ. ರಾತ್ರಿ ಕದ್ದು ಅಗೆಯೋರಿಗೆ ಅಲ್ಲಿ ನೈಟ್‌ಹಾಕ್ ಅಂತ ಹೆಸರೇ ಇದೆ. 2015ರಲ್ಲಿ ಹೆರಿಫರ್ಡ್‌ಶೈರ್‌ನಲ್ಲಿ ಸಿಕ್ಕ ವೈಕಿಂಗ್ ಕಾಲದ ನಿಧಿಯನ್ನ ಮುಚ್ಚಿಟ್ಟು ಮಾರಿದವರು ಜೈಲಿಗೆ ಹೋದರು, ಆದರೆ ಆ ನಾಣ್ಯಗಳಲ್ಲಿ ಹೆಚ್ಚಿನವು ವಾಪಸ್ ಸಿಗಲೇ ಇಲ್ಲ. ಅಷ್ಟು ವ್ಯವಸ್ಥೆ ಇರುವ ಕಡೆ ಹೀಗೆ. ನಮ್ಮಲ್ಲಿ ಊರಿಗೊಂದು ಹಾಳೂರು ದಿಣ್ಣೆ, ಕಾಯೋಕೆ ಜನ ಇಲ್ಲ, ನಿಧಿಯ ಆಸೆಗೆ ಮಾಟ ಮಂತ್ರ ಬೇರೆ. ಇಲ್ಲಿ ಹವ್ಯಾಸ ಅನ್ನೋ ಬೋರ್ಡ್ ಹಾಕಿದರೆ ಅದರ ಹಿಂದೆ ಯಾರ್ಯಾರು ಬರ್ತಾರೆ ಅಂತ ನನ್ನ ತಾತನಿಗೆ ಚೆನ್ನಾಗಿ ಗೊತ್ತು.

ನಾನು ಹೇಳೋದು ಬೇರೆ. ಹುಡುಕೋ ಸ್ವಾತಂತ್ರ್ಯಕ್ಕಿಂತ ಮೊದಲು ಹೇಳೋ ಸ್ವಾತಂತ್ರ್ಯ ಬೇಕು. ನಮ್ಮಲ್ಲಿ ಹಳೇ ನಾಣ್ಯ ಹೆಚ್ಚಾಗಿ ಸಿಗೋದು ಹುಡುಕುವವರಿಗಲ್ಲ. ಉಳುವಾಗ, ಪಾಯ ತೆಗೆಯುವಾಗ, ಪೈಪ್‌ಲೈನ್ ಹಾಕುವಾಗ ಸಿಗ್ತವೆ. ಬೆಂಗಳೂರಿನ ಯಶವಂತಪುರದಲ್ಲೂ ಎಚ್‌ಎಎಲ್ ಕಡೆಯೂ ರೋಮನ್ ನಾಣ್ಯ ಸಿಕ್ಕಿವೆ. ಮೆಟ್ರೋಗೆ ನಿಂತಾಗ ನಮ್ಮ ಕಾಲಡಿಯ ಮಣ್ಣು ಎಂಥದ್ದು ಅಂತ ನಮಗೆ ಅಂದಾಜೂ ಇರಲ್ಲ. ಇವತ್ತು ಅದೇ ಊರಿನ ಸುತ್ತ ದಿನಾ ಎಷ್ಟು ಜೆಸಿಬಿ ಮಣ್ಣು ಎತ್ತುತ್ತಿವೆ! ಆ ಡ್ರೈವರ್‌ಗೆ ಒಂದು ಮಡಕೆ ಕಂಡರೆ, ಕೆಲಸ ನಿಲ್ಲುತ್ತೆ, ಪೊಲೀಸ್ ಬರ್ತಾರೆ ಅನ್ನೋ ಭಯ ಇಲ್ಲದೆ ಒಂದು ಫೋನ್ ಮಾಡೋ ಹಾಗಿರಬೇಕು. ಫೋಟೋ, ಲೊಕೇಶನ್, ತಾರೀಕು ಕಳಿಸಿದರೆ ರಸೀದಿ ಬರಬೇಕು. ಲೋಹದ ಬೆಲೆ ಅಲ್ಲ, ನಾಣ್ಯದ ಬೆಲೆ ಸಿಗಬೇಕು. ಹೇಳಿದವನ ಹೆಸರು ಊರಲ್ಲಿ ಬಯಲಾಗಬಾರದು. ಇದರಲ್ಲಿ ಅರ್ಧ ಕೆಲಸ ಸಾಫ್ಟ್‌ವೇರ್ ಕೆಲಸ. ಡಸ್ಟ್‌ಬಿನ್ ಬಿಟ್ಟು ಮುಂದಿನ ಬ್ಯಾಚ್ ಇದನ್ನ ಪ್ರಾಜೆಕ್ಟ್ ಆಗಿ ತಗೊಳ್ಳಬಹುದು. ಉಳಿದ ಅರ್ಧ ಕಾನೂನು ಬದಲಾಗಬೇಕು, ಅದು ನಮ್ಮ ಕೈಯಲ್ಲಿಲ್ಲ, ಕೇಳೋದು ಮಾತ್ರ ನಮ್ಮ ಕೈಯಲ್ಲಿದೆ.

ಡಿಟೆಕ್ಟರ್ ಕೆಟ್ಟದ್ದು ಅಂತಲೂ ನಾನು ಹೇಳಲ್ಲ. ಅಮೆರಿಕದ ಲಿಟಲ್ ಬಿಗ್‌ಹಾರ್ನ್ ಯುದ್ಧಭೂಮಿಯಲ್ಲಿ 1983ರಲ್ಲಿ ಹುಲ್ಲಿಗೆ ಬೆಂಕಿ ಬಿದ್ದು ನೆಲ ಕಾಣಿಸಿದ ಮೇಲೆ, ಮುಂದಿನ ವರ್ಷ ಪುರಾತತ್ವದವರು ಹವ್ಯಾಸಿ ಡಿಟೆಕ್ಟರ್‌ನವರನ್ನೇ ಜೊತೆಗೆ ಸೇರಿಸಿಕೊಂಡರು. ಸಾಲಾಗಿ ನಡೆದು, ಬೀಪ್ ಅಂದ ಕಡೆ ಬಾವುಟ ನೆಟ್ಟು, ಪ್ರತಿ ಗುಂಡಿನ ಜಾಗ ಅಳೆದು ನಕ್ಷೆ ಮಾಡಿದರು. 1876ರಲ್ಲಿ ಯಾರು ಎಲ್ಲಿ ನಿಂತು ಗುಂಡು ಹಾರಿಸಿದರು ಅಂತ ಆ ನಕ್ಷೆಯಿಂದ ಓದೋಕೆ ಆಯ್ತು. ಅದೇ ಕಾಯಿಲ್, ಅದೇ ಎಡ್ಡಿ ಕರೆಂಟ್. ಆದರೆ ಅವರು ಮೊದಲು ಬರೆದುಕೊಂಡರು, ಆಮೇಲೆ ಎತ್ತಿದರು. ನಮ್ಮ ಇಲಾಖೆಯವರು ಒಂದು ದಿನ ಇಂಥ ಸರ್ವೆಗೆ ಕಾಲೇಜು ಹುಡುಗರನ್ನ ಕರೆದರೆ ನಾನು ಅಟ್ಟದಿಂದ ಡಿಟೆಕ್ಟರ್ ಇಳಿಸಿಕೊಂಡು ಬರ್ತೀನಿ.

ಅಲ್ಲಿಯವರೆಗೆ ದಯವಿಟ್ಟು ಯಾರೂ ನಾನು ಮಾಡಿದ್ದನ್ನ ಮಾಡಬೇಡಿ. ಡಿಟೆಕ್ಟರ್ ಖಂಡಿತ ಮಾಡಿ, ಕಾಯಿಲ್ ಸುತ್ತುವಷ್ಟು ಎಲೆಕ್ಟ್ರೋಮ್ಯಾಗ್ನೆಟಿಕ್ಸ್ ಯಾವ ಕ್ಲಾಸಲ್ಲೂ ಅರ್ಥ ಆಗಲ್ಲ. ಗ್ರೌಂಡ್‌ನಲ್ಲಿ ಯಾರದ್ದೋ ಬೈಕ್ ಕೀ, ಉಂಗುರ ಕಳೆದಿದ್ದರೆ ಹುಡುಕಿಕೊಡಿ. ಹಳೇ ಹೊಲ, ಕೋಟೆ, ಪಾಳು ಗುಡಿ ಹತ್ತಿರ ಮಾತ್ರ ಹೋಗಬೇಡಿ. ಆಕಸ್ಮಿಕವಾಗಿ ಏನಾದ್ರೂ ಕಂಡರೆ ಕೈ ಹಾಕೋ ಮೊದಲು ಫೋಟೋ ತೆಗೀರಿ, ಲೊಕೇಶನ್ ಉಳಿಸಿ, ತೊಳೀಬೇಡಿ, ತಿಳಿಸಿ.

ಹೋದ ತಿಂಗಳು ಊರಿಗೆ ಹೋಗಿ ತಾತನ ಜೊತೆ ಕೂತು ಜಿಲ್ಲಾಧಿಕಾರಿಗೆ ಒಂದು ಪತ್ರ ಬರೆದ್ವಿ. ನಾನು ಕನ್ನಡದಲ್ಲಿ ಬರೆದ ಮೊದಲ ಅರ್ಜಿ ಅದು. "ಮಾನ್ಯರೇ" ಆದಮೇಲೆ ಏನು ಬರೀಬೇಕು ಅಂತ ತಾತನ್ನೇ ಕೇಳಬೇಕಾಯ್ತು. ವಸ್ತು: ತಾಮ್ರದ ನಾಣ್ಯ, ಒಂದು. ದಿನಾಂಕ ನೆನಪಿತ್ತು. ಸ್ಥಳ ಅಂತ ಬಂದಾಗ ಪೆನ್ ನಿಂತಿತು. ತಾತ ಪಹಣಿ ತೆಗೆದು ಸರ್ವೆ ನಂಬರ್ ಹೇಳಿದರು, ಬರೆದೆ. ಆ ನಂಬರಿನ ವಿಸ್ತೀರ್ಣ ಎರಡು ಎಕರೆ ಹತ್ತು ಗುಂಟೆ. ಅದಕ್ಕಿಂತ ಹತ್ತಿರಕ್ಕೆ ನನಗೆ ಹೇಳೋಕೆ ಆಗಲಿಲ್ಲ.